ಕಾರ್ಡು ಹಿಡಿದು ಘಟ್ಟದ ಕೆಳಗೂ ಮೇಲೂ: ಮಗನ ಮದುವೆಗೆ ಕರೆಯಲು ಹೋದ ಕಥೆ

ಮಗನ ಮದುವೆಗೆ ಕರೆಯಲು ಉತ್ತರ ಕನ್ನಡ ಜಿಲ್ಲೆ ಸುತ್ತಿ ಮೊನ್ನೆಯಷ್ಟೇ ಬೆಂಗಳೂರಿಗೆ ಮರಳಿದ್ದೇವೆ. ಮೊಣಕಾಲು ನೋವು ಇನ್ನೂ ಇಳಿದಿಲ್ಲ, ಹೊಟ್ಟೆ ಇನ್ನೂ ಹದಕ್ಕೆ ಬಂದಿಲ್ಲ. ಇದೇ ಕೆಲಸಕ್ಕೆ ಹೊರಟಿರುವ ಹಳೆಯ ಸಹೋದ್ಯೋಗಿಯೊಬ್ಬ ಫೋನ್ ಮಾಡಿ, "ಎಲ್ಲಿಂದ ಶುರು ಮಾಡಿದ್ರಿ, ಎಷ್ಟು ಖರ್ಚು ಬಂತು, ಯಾರ ಮನೆಗೆ ಮೊದಲು?" ಎಂದು ಒಂದೇ ಉಸಿರಿಗೆ ಕೇಳಿದ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಹೀಗೆ ಹೊರಡುವವರು ಇನ್ನೂ ಇದ್ದಾರು ಅಂತ ಬರೆದೇ ಬಿಡುತ್ತಿದ್ದೇನೆ.

ನನ್ನ ಊರು ಕುಮಟಾ ತಾಲೂಕು, ಘಟ್ಟದ ಕೆಳಗೆ. ಹೆಂಡತಿಯದು ಶಿರಸಿ, ಘಟ್ಟದ ಮೇಲೆ. ನೌಕರಿಯ ಮೊದಲ ವರ್ಷಗಳನ್ನು ನಾನು ಕಳೆದದ್ದು ಕಾರವಾರದ ಬ್ಯಾಂಕೊಂದರಲ್ಲಿ. ಹೀಗಾಗಿ ನಮ್ಮ ಬಳಗ ಹೊನ್ನಾವರದಿಂದ ಕಾರವಾರದ ತನಕ ಕಡಲಗುಂಟ, ಅಲ್ಲಿಂದ ಯಲ್ಲಾಪುರ ಹಾದು ಶಿರಸಿಯ ತೋಟಗಳ ತನಕ ಹರಡಿಕೊಂಡಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನಾನು ಕಾರು ಮುಟ್ಟಿಲ್ಲ, ಮಗನಿಗೆ ರಜೆ ಇಲ್ಲ. ಉಳಿದದ್ದು ರೈಲು, ಬಸ್ಸು, ಟೆಂಪೋ, ರಿಕ್ಷಾ. "ವಾಟ್ಸಾಪಿನಲ್ಲಿ ಹಾಕಿದ್ರೆ ಸಾಲದಾ ಅಪ್ಪಾ?" ಎಂದು ಮಗ ಕೇಳಿದ್ದಕ್ಕೆ ಇವಳು, "ನಿನ್ನ ಉಪನಯನಕ್ಕೆ ಅವರು ಬಂದದ್ದು ವಾಟ್ಸಾಪ್ ನೋಡ್ಕಂಡಲ್ಲ" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಈ ವರ್ಷದ ಮೊದಲ ತೊಡಕು ಪಂಚಾಂಗದ್ದು. ಅಧಿಕ ಜ್ಯೇಷ್ಠ ಬಂದಿದೆ. ಅಧಿಕಮಾಸದಲ್ಲಿ ಮದುವೆ ಇಲ್ಲ, ಆದ್ದರಿಂದ ಎಲ್ಲರ ಮುಹೂರ್ತವೂ ವೈಶಾಖದೊಳಗೆ ನುಗ್ಗಿದೆ. ಹಾಲ್ ಸಿಗುವುದು ಕಷ್ಟ, ಅಡುಗೆಯವರು ಸಿಗುವುದು ಅದಕ್ಕಿಂತ ಕಷ್ಟ. ನಮಗೆ ಶಿರಸಿಯಲ್ಲೊಂದು ಹಾಲ್ ಸಿಕ್ಕಿತು. ವಧೂಪ್ರವೇಶ ಮಾತ್ರ ಕುಮಟಾ ಹತ್ತಿರ ನನ್ನ ಅಣ್ಣನ ಮನೆಯಲ್ಲಿ, ಅಂದರೆ ಮೂಲ ಮನೆಯಲ್ಲೇ ಆಗಬೇಕೆಂದು ಅಣ್ಣ ಪಟ್ಟು ಹಿಡಿದ. ಒಂದು ಕಾರ್ಡು, ಎರಡು ಊರು, ಎರಡು ದಿನ. ಪ್ರೆಸ್ಸಿನವರು ಪ್ರೂಫಿನಲ್ಲಿ ಸರಿಯಾಗಿದ್ದ ವಾರವನ್ನು ಅಚ್ಚಿನಲ್ಲಿ ತಪ್ಪಾಗಿ ಹಾಕಿಕೊಟ್ಟರು. ತಾರೀಕು ಸರಿ, ಕೆಳಗೆ ಶುಕ್ರವಾರದ ಬದಲು ಶನಿವಾರ. ಮತ್ತೆ ಅಚ್ಚು ಹಾಕಿಸುವಷ್ಟರಲ್ಲಿ ವಾರ ಕಳೆಯಿತು. ಕಾರ್ಡು ಕೈಗೆ ಬಂದಾಗ ಹೆಸರುಗಳನ್ನು ನೋಡುವ ಮೊದಲು ತಾರೀಕು, ವಾರ, ತಿಥಿ ಮೂರನ್ನೂ ಪಂಚಾಂಗದ ಪಕ್ಕ ಇಟ್ಟು ನೋಡಿ. ಹೆಸರು ತಪ್ಪಿದರೆ ಬೈಯುತ್ತಾರೆ ಅಷ್ಟೇ, ವಾರ ತಪ್ಪಿದರೆ ಜನ ಮರುದಿನ ಬಂದು ಖಾಲಿ ಹಾಲ್ ನೋಡಿ ಹೋಗುತ್ತಾರೆ.

ಪಟ್ಟಿ ಮಾಡುವ ಕೆಲಸ ಇವಳದು. ಸಾಮಾನ್ಯವಾಗಿ ಎಲ್ಲರೂ ಸಂಬಂಧದ ಪ್ರಕಾರ ಬರೆಯುತ್ತಾರೆ: ಅಪ್ಪನ ಕಡೆಯವರು, ಆಯಿ ಕಡೆಯವರು, ಸ್ನೇಹಿತರು. ಇವಳು ಆ ಪಟ್ಟಿಯನ್ನು ಹರಿದುಹಾಕಿ ದಾರಿಯ ಪ್ರಕಾರ ಬರೆದಳು. ಹುಲೇಕಲ್–ವಾನಳ್ಳಿ ದಾರಿ ಒಂದು ಹಾಳೆ, ಸೋಂದಾ ಕಡೆ ಒಂದು, ಹೆಗಡೆಕಟ್ಟಾ ಕಡೆ ಒಂದು, ಬನವಾಸಿ ದಾರಿಗೊಂದು. ಪ್ರತಿ ಹೆಸರಿನ ಎದುರು ಮನೆಯ ಗುರುತು: ಮೇಲಿನಮನೆ, ಕೆಳಗಿನಮನೆ, ದಣಪೆ (ಅಡ್ಡಗಳು ಹಾಕಿದ ಗೇಟು) ದಾಟಿದ ಮೇಲೆ ಎಡಕ್ಕೆ. ಜೊತೆಗೆ ಆ ಕೇರಿಯಲ್ಲಿ ಸುದ್ದಿ ತಿಳಿದ ಒಬ್ಬರ ಲ್ಯಾಂಡ್‌ಲೈನ್ ನಂಬರು. ಕಣಿವೆಯೊಳಗೆ ಮೊಬೈಲ್ ಸತ್ತಾಗ ನಮ್ಮ ಕೈ ಹಿಡಿದದ್ದು ಈ ಹಾಳೆಗಳೇ.

ರೈಲಿನ ಟಿಕೆಟ್ಟು ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರಿನಿಂದ ಇಳಿಸಿದ್ದಾರೆ. ಬೆಂಗಳೂರಿನಿಂದ ನಮ್ಮ ಕಡೆಗೆ ರಾತ್ರಿ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಹಬ್ಬ, ಜಾತ್ರೆ, ಮದುವೆ ಸೀಸನ್‌ನಲ್ಲಿ ತೆರೆದ ದಿನವೇ ತುಂಬುತ್ತದೆ. ಹಿರಿಯ ನಾಗರಿಕರ ರಿಯಾಯಿತಿ ಇದೆ ಎಂದುಕೊಂಡಿದ್ದರೆ ಮರೆತುಬಿಡಿ. 2020ರ ಮಾರ್ಚಿನಲ್ಲಿ ನಿಲ್ಲಿಸಿದ್ದು ಮತ್ತೆ ಬಂದಿಲ್ಲ. ಬಸ್ಸಿನಲ್ಲಿ ಮಾತ್ರ 60 ದಾಟಿದವರಿಗೆ ಕಾಲು ಭಾಗ ರಿಯಾಯಿತಿ ಇದೆ. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಪೂರ್ತಿ ಉಚಿತ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ. ಇಡೀ ತಿರುಗಾಟದಲ್ಲಿ ಇವಳು ಶೂನ್ಯ ಟಿಕೆಟ್ಟುಗಳನ್ನೆಲ್ಲ ಜೋಪಾನವಾಗಿ ಪರ್ಸಿನಲ್ಲಿ ಇಟ್ಟುಕೊಂಡು, ನಾನು ದುಡ್ಡು ಎಣಿಸುವಾಗಲೆಲ್ಲ ಒಮ್ಮೆ ತೆಗೆದು ನೋಡುತ್ತಿದ್ದಳು. ಇಬ್ಬರೂ ಆಧಾರ್ ಕಾರ್ಡನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಸೂಟ್‌ಕೇಸಿನ ತಳದಲ್ಲಿ ಹುಡುಕಲು ಆಗುವುದಿಲ್ಲ.

ಬೆಳಗ್ಗೆ ಕುಮಟಾದಲ್ಲಿ ಇಳಿದೆವು. ಮಾರ್ಚಿನ ಸೆಕೆ ಆಗಲೇ ಬೆನ್ನಿಗೆ ಅಂಟಿತ್ತು. ಮೊದಲ ಕಾರ್ಡು ದೇವರಿಗೆ. ಇಡಗುಂಜಿ ಗಣಪತಿಯ ಮುಂದೆ ಇಟ್ಟು ಪಂಚಕಜ್ಜಾಯ ಕಟ್ಟಿಸಿಕೊಂಡು, ಬರುವಾಗ ಹೊನ್ನಾವರದಲ್ಲಿ ಇವಳ ಸೋದರತ್ತೆಯ ಮಗಳ ಮನೆ, ನನ್ನ ಹೈಸ್ಕೂಲ್ ಮಾಸ್ತರರ ಮನೆ ಮುಗಿಸಿದೆವು. ಮಾಸ್ತರರಿಗೆ ಕಿವಿ ಕೇಳುವುದಿಲ್ಲ. ಕಾರ್ಡನ್ನು ಪೂರ್ತಿ ಓದಿ, ಜೇಬಿನಿಂದ ಪೆನ್ನು ತೆಗೆದು ಒಂದು ಒತ್ತಕ್ಷರ ತಿದ್ದಿ, "ಈಗ ಸರಿಯಾಯ್ತು" ಎಂದು ಕಪಾಟಿನಲ್ಲಿ ಇಟ್ಟರು.

ಗೋಕರ್ಣಕ್ಕೆ ಹೋಗುವವರು ಪಂಚೆ ಒಯ್ಯಬೇಕು, ಮಹಾಬಲೇಶ್ವರನ ದೇವಸ್ಥಾನದಲ್ಲಿ ಪ್ಯಾಂಟಿಗೆ ಪ್ರವೇಶ ಇಲ್ಲ. ರೈಲಿನಲ್ಲಿ ನೇರ ಬರುವವರಿಗೆ ಇನ್ನೊಂದು ಮಾತು: ಗೋಕರ್ಣ ರೋಡ್ ನಿಲ್ದಾಣ ಇರುವುದು ಗೋಕರ್ಣದಲ್ಲಲ್ಲ, ಮಾದನಗೇರಿ ಹತ್ತಿರ. ಅಲ್ಲಿಂದ ರಿಕ್ಷಾದವರು ಕೇಳಿದ್ದೇ ದರ. ನಾವು ಬಸ್ಸಿನಲ್ಲಿ ಹೋದೆವು. ವಾಪಸಾಗುವಾಗ ತದಡಿಗೆ ಇಳಿದು ಬಾರ್ಜ್ ಹತ್ತಿ ಹೊಳೆ ದಾಟಿ ಅಘನಾಶಿನಿಗೆ ಬಂದೆವು. ಅಲ್ಲಿ ನನ್ನ ದೊಡ್ಡಮ್ಮನ ಮನೆ. ರಸ್ತೆಯಲ್ಲಿ ಸುತ್ತಿ ಬರುವುದಕ್ಕಿಂತ ಇದು ಹತ್ತಿರ, ಅಗ್ಗ, ಗಾಳಿಯೂ ಸಿಗುತ್ತದೆ. ಆದರೆ ಬಾರ್ಜು ನೀರಿನ ಇಳಿತ–ಭರತ ನೋಡಿ ಹೊರಡುವುದುಂಟು. ಇನ್ನೇನು ಬಂತು ಎನ್ನುತ್ತ ದಕ್ಕೆಯ ಕಟ್ಟೆಯ ಮೇಲೆ ಮೀನಿನ ಬುಟ್ಟಿಗಳ ನಡುವೆ ಬಹಳ ಹೊತ್ತು ಕೂತಿದ್ದೆವು. ಸಂಜೆಗೊಂದು ಮನೆ ಅಂತ ಲೆಕ್ಕ ಹಾಕಿದ್ದು ತಪ್ಪಿ ರಾತ್ರಿ ದೊಡ್ಡಮ್ಮನ ಮನೆಯಲ್ಲೇ ಉಳಿಯಬೇಕಾಯಿತು. ಆಮೇಲೆ ಅನ್ನಿಸಿತು, ಆ ರಾತ್ರಿಯೇ ಒಳ್ಳೆಯದಾಯಿತು. ಹಗಲು ಹತ್ತು ನಿಮಿಷ ಕೂತು ಎದ್ದಿದ್ದರೆ ಕ್ಷೇಮಸಮಾಚಾರದಲ್ಲೇ ಮುಗಿಯುತ್ತಿತ್ತು. ದೀಪ ಆರಿಸಿದ ಮೇಲೆ ದೊಡ್ಡಮ್ಮ ಇವಳ ಹತ್ತಿರ ಯಾರ ಮನೆಯಲ್ಲಿ ಯಾರಿಗೆ ಮಾತಿಲ್ಲ, ಯಾರನ್ನು ಯಾರ ಪಕ್ಕ ಕೂರಿಸಬಾರದು, ಎಲ್ಲ ಹೇಳಿದಳು. ಮದುವೆಯ ದಿನ ಊಟದ ಪಂಕ್ತಿಗೆ ಈ ಜ್ಞಾನ ಬೇಕೇ ಬೇಕು.

ಕುಮಟಾದಿಂದ ಕಾರವಾರಕ್ಕೆ ಹೋಗಲು ಮಂಗಳೂರಿನಿಂದ ಮಡಗಾಂವಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಹಿಡಿಯಬಹುದು. ಕಾರವಾರ ನಿಲ್ದಾಣ ಪೇಟೆಯಿಂದ ದೂರ, ಶಿರವಾಡದಲ್ಲಿದೆ, ಅದು ನೆನಪಿರಲಿ. ನಾವು ಅಂಕೋಲಾದಲ್ಲಿ ಮನೆಗಳಿದ್ದವೆಂದು ಹೆದ್ದಾರಿಯ ಬಸ್ಸನ್ನೇ ಹತ್ತಿದೆವು. ಶಿರೂರು ಬಂದಾಗ ಪಕ್ಕದ ಸೀಟಿನವರು ಕಿಟಕಿಯಿಂದ ಕೈ ತೋರಿಸಿದರು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ಅಲ್ಲಿದ್ದ ಜನ, ಲಾರಿ ಎಲ್ಲ ಗಂಗಾವಳಿ ಹೊಳೆಗೆ ಹೋದ ಜಾಗ. ಆ ಅಂಗಡಿಯಲ್ಲಿ ನಾವೂ ಚಹಾ ಕುಡಿದವರೇ ಇರಬೇಕು, ಅಷ್ಟು ಸಲ ಆ ದಾರಿಯಲ್ಲಿ ಓಡಾಡಿದ್ದೇವೆ. ಮಳೆಗಾಲದಲ್ಲಿ ಕಾರ್ಯಕ್ರಮ ಇಟ್ಟುಕೊಂಡವರು ಈ ಹೆದ್ದಾರಿಗೂ ಘಟ್ಟಗಳಿಗೂ ಒಂದು ದಿನ ಹೆಚ್ಚೇ ಇಟ್ಟುಕೊಳ್ಳಿ.

ಕಾರವಾರದ ವಿಷಯ ಸ್ವಲ್ಪ ಉದ್ದ ಬರೆಯಬೇಕು. ಇಲ್ಲಿ ಸಂಬಂಧಿಕರು ಯಾರೂ ಇಲ್ಲ, ಇರುವವರೆಲ್ಲ ಹಳೆಯ ಗೆಳೆಯರು. ಸಂಬಂಧಿಕರ ವಿಳಾಸ ಯಾರಾದರೂ ಇಟ್ಟುಕೊಂಡಿರುತ್ತಾರೆ. ಗೆಳೆಯರದ್ದು ಹಾಗಲ್ಲ, ನಾವೇ ಹುಡುಕಬೇಕು. ನನ್ನ ಹತ್ತಿರ ಇದ್ದದ್ದು ತೊಂಬತ್ತರ ದಶಕದ ಒಂದು ಡೈರಿ. ಕೊಂಕಣ ರೈಲ್ವೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ಸುರಂಗ ಕೊರೆಯುವವರು ಸಂಬಳದ ದಿನ ನಮ್ಮ ಕೌಂಟರಿನ ಮುಂದೆ ಸಾಲು ನಿಲ್ಲುತ್ತಿದ್ದರು. ಡೈರಿಯಲ್ಲಿದ್ದ ಫೋನ್ ನಂಬರುಗಳಲ್ಲಿ ಒಂದೂ ಈಗ ಬದುಕಿಲ್ಲ.

ಸದಾಶಿವಗಡದ ಗೆಳೆಯನ ಮನೆ ಸುಲಭವಾಗಿ ಸಿಕ್ಕಿತು. ಕಾಳಿ ಹೊಳೆಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ಹೊಳೆಗೆ ಬಿದ್ದದ್ದನ್ನು ಅವನು ನಿನ್ನೆ ನಡೆದಂತೆ ಹೇಳಿದ. ಲಾರಿಯ ಚಾಲಕ ಬದುಕಿಕೊಂಡ. ಗೆಳೆಯನ ಮನೆಯವರು ಕೊಂಕಣಿಗರು, ಮೀನಿಲ್ಲದೆ ಊಟ ಇಲ್ಲ. ಆದರೆ ನಾವು ಬರುತ್ತೇವೆಂದು ಆ ದಿನ ಮನೆಯಲ್ಲಿ ಮೀನು ತರಲಿಲ್ಲವಂತೆ. ವಹಿನಿ ತರಕಾರಿಯ ಖತಖತೆ ಮಾಡಿ, ಸೋಲ್‌ಕಡಿ ಬಡಿಸಿ, "ಭಾವೋಜಿ, ಕಾಯಿ ಹಾಲು ಜಾಸ್ತಿ ಆಯ್ತಾ?" ಎಂದು ಕೇಳುತ್ತ ನಿಂತರು. ಅವನ ಮೊಮ್ಮಗ ಮಾತ್ರ ತಟ್ಟೆ ನೋಡಿ, ಇವರು ಯಾವಾಗ ಹೋಗುತ್ತಾರೆ ಅಂತ ಕೊಂಕಣಿಯಲ್ಲಿ ಅಜ್ಜನನ್ನು ಕೇಳಿದ. ನನಗೆ ಕೊಂಕಣಿ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಇನ್ನೊಬ್ಬ ನಮ್ಮ ಬ್ಯಾಂಕಿನ ಅಟೆಂಡರ್ ಆಗಿದ್ದವನು. ಡೈರಿಯಲ್ಲಿ ಅವನ ಊರು ಅರಗಾ ಎಂದಿತ್ತು. ಆ ಕಡಲತೀರ ಸೀಬರ್ಡ್ ನೌಕಾನೆಲೆಗೆ ಹೋಗಿ ಕಾಲವಾಯಿತು. ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಇಟ್ಟ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ನಡುವಿನ ವರ್ಷಗಳಲ್ಲಿ ನಾನು ವರ್ಗವಾಗಿ ಹೋಗಿದ್ದೆ, ಅವರು ಒಕ್ಕಲೆದ್ದು ಹೋಗಿದ್ದರು. ಹೆದ್ದಾರಿ ಬದಿಯ ಉದ್ದದ ಕಾಂಪೌಂಡು ಗೋಡೆ ನೋಡಿ ಇವಳು, "ಇದರೊಳಗೆ ಎಲ್ಲಿ ಅಂತ ಕೇಳ್ತೀರಿ?" ಅಂದಳು. ತೋಡೂರಿನ ನಿರಾಶ್ರಿತರ ಕಾಲನಿಯಲ್ಲಿ ಕೇಳಿದೆವು. ಒಬ್ಬ ಅಂಗಡಿಯವರು ಮುದಗಾ ಕಡೆ ನೋಡಿ ಎಂದರು. ಅಲ್ಲಿ ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳುತ್ತಿರುವಾಗ ಹಿಂದಿನಿಂದ, "ಕ್ಯಾಶಿಯರ್ ಸಾಹೇಬ್ರಲ್ವಾ?" ಎಂದು ದನಿ ಬಂತು. ನನ್ನ ಮುಖ ನೋಡಿರಲಿಲ್ಲ ಅವನು, ದನಿ ಕೇಳಿ ಗುರುತು ಹಿಡಿದಿದ್ದ. ಕಾರ್ಡು ಕೊಟ್ಟಾಗ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಪರಿಹಾರದ ಕೇಸು ಎಲ್ಲಿಗೆ ಬಂತು ಅಂತ ಕೇಳಿದೆ. "ಅದಿರ್ಲಿ ಸಾಹೇಬ್ರೆ, ಮಗನ ಫೋಟೋ ತೋರ್ಸಿ" ಅಂದ. ಅವನ ಸೊಸೆ ಎಳನೀರು ಕೊಚ್ಚಿ ಕೊಟ್ಟಳು. ಇವಳು ಆಕೆಗೆ ಕುಂಕುಮ ಕೊಟ್ಟು, "ಮನೆಮಂದಿ ಎಲ್ಲ ಬರಬೇಕು" ಅಂದಳು. ಇಡೀ ತಿರುಗಾಟದಲ್ಲಿ ನನಗೆ ತೃಪ್ತಿ ಕೊಟ್ಟ ಮಧ್ಯಾಹ್ನ ಅದು.

ಮೂರನೆಯ ಗೆಳೆಯನ ಮನೆಯ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದರು. ಅವನು ಹೋಗಿ ಎರಡು ವರ್ಷವಾಗಿತ್ತು, ನಮಗೆ ಸುದ್ದಿಯೇ ಇಲ್ಲ. ಕಾರ್ಡಿನ ಮೇಲೆ ಅವನ ಹೆಸರು ಬರೆದಿದ್ದೆ. ಒಳಗೆ ಕೂತು ಅವನ ಕೊನೆಯ ದಿನಗಳ ಕಥೆ ಕೇಳಿದೆವು. ಆ ಕಾರ್ಡನ್ನು ಚೀಲದಲ್ಲೇ ಬಿಟ್ಟು, ಹೊಸದೊಂದರ ಮೇಲೆ ಅವನ ಮಗಳ ಹೆಸರು ಬರೆದು ಕೊಟ್ಟೆ. ಅದಕ್ಕೇ ಹೇಳುವುದು: ಹಳೆಯ ಗೆಳೆಯರ ಕಾರ್ಡಿಗೆ ಮನೆಯಲ್ಲಿ ಕೂತು ಮೊದಲೇ ಹೆಸರು ಬರೆಯಬೇಡಿ. ಒಂದು ಪೆನ್ನು, ಒಂದಿಷ್ಟು ಖಾಲಿ ಕಾರ್ಡು ಜೊತೆಗಿರಲಿ, ಅಲ್ಲೇ ಬರೆಯಿರಿ.

ಈಗ ಘಟ್ಟ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟವೇ ನೇರ ದಾರಿ, ಅರವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆಂದು ಹಿಂದೆ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿದ್ದುಂಟು. ಹೊರಡುವ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿಯೇ ಹೊರಡಿ. ಬಂದ್ ಇದ್ದರೆ ಸಿದ್ದಾಪುರದ ಕಡೆಗೆ ದೊಡ್ಮನೆ ಘಟ್ಟವೋ, ಹೊನ್ನಾವರದಿಂದ ಗೇರಸೊಪ್ಪ–ಮಾವಿನಗುಂಡಿಯೋ, ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರವೋ ನೋಡಬೇಕು. ಇವಳ ತಂಗಿ ಯಲ್ಲಾಪುರದಲ್ಲಿ ಇರುವುದರಿಂದ ನಾವು ಅರಬೈಲ್ ದಾರಿ ಹಿಡಿದೆವು.

ಅರಬೈಲ್ ಘಟ್ಟದ ನಡುವೆ ಲಾರಿಯೊಂದು ಆಕ್ಸಲ್ ಮುರಿದು ಅಡ್ಡ ನಿಂತಿತ್ತು. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಮ್ಮ ಬಸ್ಸು. ಗಂಟೆಗಟ್ಟಲೆ ಕೂತೆವು. ನೀರು ಮುಗಿಯಿತು, ಮೊಬೈಲಿನ ಚಾರ್ಜೂ ಮುಗಿಯಿತು. ಗಂಡಸರೆಲ್ಲ ಕೆಳಗಿಳಿದು ಲಾರಿಯವನಿಗೆ ಸಲಹೆ ಕೊಡಲು ಹೋದರು, ನಾನೂ ಹೋದೆ. ವಾಪಸು ಬಂದು ನೋಡಿದರೆ ಇವಳು ಹಿಂದಿನ ಸೀಟಿನ ಹೆಂಗಸಿನ ಜೊತೆ ಕೂತು, "ಹಂಗಾರೆ ನೀವು ಮಂಚೀಕೇರಿ ಅಕ್ಕನ ನಾದಿನಿಯ ಮಗಳಾ?" ಅನ್ನುತ್ತಿದ್ದಾಳೆ. ಅರ್ಧ ಗಂಟೆಯಲ್ಲಿ ಸಂಬಂಧ ಸಿಕ್ಕಿಬಿಟ್ಟಿತ್ತು. ಅಲ್ಲೇ, ಬಸ್ಸಿನೊಳಗೆ, ಕುಂಕುಮದ ಭರಣಿ ತೆಗೆದಳು, ಅಕ್ಷತೆ ಕೊಟ್ಟಳು, ಕಾರ್ಡಿನ ಮೇಲೆ ಹೆಸರು ಬರೆಸಿದಳು. ಆಚೆ ಸೀಟಿನ ಅಜ್ಜಿಯೊಬ್ಬರು, ಗುರುತು ಪರಿಚಯ ಇಲ್ಲದವರು, "ನಂಗೂ ಒಂಚೂರು ಕುಂಕುಮ ಕೊಡೇ ತಂಗಿ, ಶುಭಕಾರ್ಯ" ಎಂದು ಹಣೆ ಮುಂದೆ ಮಾಡಿದರು. ಅವರಿಗೂ ಕಾರ್ಡು ಹೋಯಿತು. ಬರುತ್ತಾರೋ ಏನೋ.

ಯಲ್ಲಾಪುರದಲ್ಲಿ ಒಂದು ರಾತ್ರಿ ತಂಗಿದ್ದು ಶಿರಸಿಗೆ. ಅಲ್ಲಿಂದ ನಿಜವಾದ ಪರೀಕ್ಷೆ. ಶಿರಸಿ ಪೇಟೆಯಿಂದ ಹಳ್ಳಿಗಳಿಗೆ ಬಸ್ಸಿದೆ, ಆದರೆ ಬೆಳಗ್ಗೆ ಹೋದದ್ದು ಸಂಜೆ ಬರುತ್ತದೆ, ನಡುವೆ ಬರಬೇಕಾದದ್ದು ಒಮ್ಮೊಮ್ಮೆ ಬರುವುದಿಲ್ಲ. ಮುಖ್ಯ ರಸ್ತೆಯಿಂದ ಮನೆಗೆ ಇಳಿಯುವ ಮಣ್ಣಿನ ದಾರಿಯೇ ಒಂದು ಎರಡು ಕಿಲೋಮೀಟರ್. ಮೊದಲ ದಿನ ನಡೆದು ನೋಡಿದೆವು, ಮರುದಿನದಿಂದ ಊರಿನದೇ ಒಂದು ಓಮ್ನಿ ಗೊತ್ತು ಮಾಡಿದೆವು. ದಿನಕ್ಕೆ 1,800 ರೂಪಾಯಿ, ಡ್ರೈವರ್ ಊಟ ನಾವು ಹೋದ ಮನೆಯಲ್ಲೇ. ಪೇಟೆಯ ಬಾಡಿಗೆ ಕಾರಿಗಿಂತ ಇದೇ ಲೇಸು. ಆ ಹುಡುಗನಿಗೆ ಯಾರ ಮನೆ ದಣಪೆ ಎಲ್ಲಿದೆ, ಯಾವ ಮನೆಯ ನಾಯಿ ಕಚ್ಚುತ್ತದೆ ಎಂಬುದೆಲ್ಲ ಗೊತ್ತಿತ್ತು.

ಮನೆಯೊಳಗೆ ಕಾಲಿಟ್ಟರೆ ಕ್ರಮ ಒಂದೇ. ಕಾಲಿಗೆ ನೀರು, ಚಾಪೆ, ಕವಳದ ಹರಿವಾಣ, "ಆಸ್ರಿಗೆ ಎಂತ ಮಾಡವು?" ಬೇಡ ಎನ್ನುವ ಉತ್ತರ ಇಲ್ಲ. ಒಂದು ಮನೆಯಲ್ಲಿ ಮುರುಗಲು ಶರಬತ್ತು, ಮುಂದಿನದರಲ್ಲಿ ಕಷಾಯ, ಅದರ ಮುಂದಿನದರಲ್ಲಿ ಆಲೆಮನೆಯಿಂದ ಆಗಷ್ಟೇ ಬಂದ ಕಬ್ಬಿನ ಹಾಲು, ಜೊತೆಗೆ ತೊಡೆದೇವು. ನನಗೆ ಸಕ್ಕರೆ ಕಾಯಿಲೆ. ಎರಡು ದಿನ ಕಳೆದ ಮೇಲೆ ಕಂಡುಕೊಂಡ ಉಪಾಯ: ಅವರು ಕೇಳುವ ಮೊದಲೇ ನಾವೇ, "ಒಂದು ಲೋಟ ನೀರುಮಜ್ಜಿಗೆ ಕೊಡಿ, ಉಪ್ಪು ಹಾಕಿ" ಎಂದು ಕೇಳಿಬಿಡುವುದು. ಕೇಳಿದ್ದನ್ನು ಕೊಟ್ಟ ಸಮಾಧಾನ ಅವರಿಗೆ, ಹೊಟ್ಟೆಗೆ ತಂಪು ನಮಗೆ. ಊಟದ ಮನೆ ಯಾವುದು ಎಂದು ಮೊದಲೇ ಗೊತ್ತು ಮಾಡಿ ಅವರಿಗೆ ಹೇಳಿಯೂ ಇಡಿ. ಇಲ್ಲದಿದ್ದರೆ ಹನ್ನೆರಡೂವರೆಗೆ ಹೋದ ಮನೆಯವರು, "ಉಂಡ್ಕಂಡೇ ಹೋಗವು" ಎಂದು ಚಪ್ಪಲಿ ಒಳಗಿಡುತ್ತಾರೆ, ಒಂದು ಗಂಟೆಗೆ ಕಾದಿದ್ದ ಮನೆಯವರು ಮುನಿಸಿಕೊಳ್ಳುತ್ತಾರೆ. ದಿನಕ್ಕೆ ನಾಲ್ಕೈದು ಮನೆ ದಾಟಬಾರದು. ಕಾರಿದ್ದವರು ಹತ್ತು ಹನ್ನೆರಡು ಮಾಡುತ್ತಾರಂತೆ. ಅಂಥವರು ಬಂದು ಹೋದ ಮನೆಗಳಲ್ಲಿ, "ಬಂದ, ಕೊಟ್ಟ, ಹೋದ" ಎಂದು ಅವರ ಬಗ್ಗೆ ಹೇಳುವುದನ್ನು ನಮ್ಮ ಕಿವಿಯಾರೆ ಕೇಳಿದೆವು.

ಯಾರೂ ಮೊದಲೇ ಹೇಳಿಕೊಡದ ತೊಡಕು ಅಮೆ–ಸೂತಕ, ಅಂದರೆ ಮನೆಯಲ್ಲಿ ಹೆರಿಗೆಯೋ ಸಾವೋ ಆದಾಗಿನ ಮೈಲಿಗೆ. ಒಂದು ಕೇರಿಗೆ ಇಳಿದಾಗ ಹೆಬ್ಬಾಗಿಲಲ್ಲೇ, "ಒಳಗೆ ಬರಡಿ, ಅಮೆ" ಎಂದರು. ಮೊಮ್ಮಗು ಹುಟ್ಟಿ ವಾರವೂ ಆಗಿರಲಿಲ್ಲ. ದಾಯಾದಿಗಳೆಂದು ಆ ಕೇರಿಯ ಅರ್ಧ ಮನೆಗಳಿಗೂ ಅದೇ. ಸಂತೋಷದ ಸುದ್ದಿಯೇ, ಆದರೆ ಅಕ್ಷತೆ ಕೊಡುವಂತಿಲ್ಲ. ಅಂಗಳದಲ್ಲೇ ನಿಂತು ಮಾತಾಡಿ, ಶುದ್ಧಿಯಾದ ಮೇಲೆ ಕೊಡುವಂತೆ ಕಾರ್ಡುಗಳನ್ನು ಪಕ್ಕದ ಕೇರಿಯ ಭಾವನ ಹತ್ತಿರ ಬಿಟ್ಟು ಬಂದೆವು. ಹೊರಡುವ ಹಿಂದಿನ ಸಂಜೆ ಪ್ರತಿ ಕೇರಿಯ ಒಬ್ಬರಿಗೆ ಫೋನ್ ಮಾಡಿ ಇದನ್ನು ಕೇಳಿಕೊಂಡರೆ ಬಾಡಿಗೆಯೂ ಉಳಿಯುತ್ತದೆ, ಇಬ್ಬರಿಗೂ ಆಗುವ ಇರಿಸುಮುರಿಸೂ ತಪ್ಪುತ್ತದೆ.

ವಾನಳ್ಳಿ ದಾರಿಯಲ್ಲಿ ಇವಳ ದೊಡ್ಡಾಯಿ ಇದ್ದಾರೆ. ತೊಂಬತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಶುಭಕಾರ್ಯಗಳಲ್ಲಿ ತಾನಾಗಿಯೇ ಹಿಂದೆ ಸರಿದು ಅಡುಗೆಮನೆಯ ಕತ್ತಲಲ್ಲಿ ಕೂರುವವರು. ಇವಳು ಅಕ್ಷತೆ ಹಿಡಿದು ನೇರ ಅಲ್ಲಿಗೇ ಹೋದಳು. "ನಂಗೆ ಬ್ಯಾಡ ಕೂಸೇ, ಅತ್ಗೆಗೆ ಕೊಡು" ಎಂದು ದೊಡ್ಡಾಯಿ ಕೈ ಹಿಂದೆಳೆದರು. ಇವಳು ಆ ಕೈ ಬಿಡಿಸಿ ಅಂಗೈಯಲ್ಲಿ ಅಕ್ಷತೆ ಹಾಕಿ, ಬೆರಳು ಮಡಚಿ, ಕಾಲಿಗೆ ಬಿದ್ದಳು. ದೊಡ್ಡಾಯಿಯ ಬೆರಳುಗಳಿಗೆ ಅಡಕೆ ಸುಲಿದ ಕಪ್ಪು ಕಲೆ ಇನ್ನೂ ಇತ್ತು. ಈ ವಯಸ್ಸಿನಲ್ಲೂ ಸುಲಿಯುತ್ತಾರೆ. "ಕಾಗ್ದ ಓದಿ ಹೇಳು, ಕಣ್ಣು ಕಾಣ್ತಿಲ್ಲೆ" ಎಂದರು. ನಾನು ಕಾರ್ಡು ಪೂರ್ತಿ ಓದಿದೆ. ಅಜ್ಜ–ಅಜ್ಜಿಯರ ಹೆಸರು ಬಂದಲ್ಲಿ ನಿಲ್ಲಿಸಿ ಎರಡು ಸಲ ಓದಿಸಿದರು. "ಮಾಣಿ ಮದ್ವೆಗೆ ಬಪ್ಲೆ ಆಗ್ತಿಲ್ಲೆ. ನೀ ಬಂದ್ಯಲೇ, ಸಾಕು" ಅಂದರು. ಇವಳು ಓಮ್ನಿ ಹತ್ತಿದ ಮೇಲೆ ಹುಲೇಕಲ್ ಬರುವವರೆಗೂ ಮಾತಾಡಲಿಲ್ಲ.

ಮಾರಿಕಾಂಬೆಗೆ ಒಂದು ಕಾರ್ಡು ಇಡಬೇಕೆಂದು ಇವಳ ಹರಕೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ ಈ ಸಲ ಇತ್ತು, ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಬಿಡ್ಕಿಬೈಲಿನಲ್ಲಿ ಗದ್ದುಗೆಯ ಚಪ್ಪರ ಬಿಚ್ಚುತ್ತಿದ್ದರು. ಸದ್ಯ ಜಾತ್ರೆಯ ಗದ್ದಲ ಇಲ್ಲ, ಆರಾಮ ದರ್ಶನ ಅಂದುಕೊಂಡು ದೇವಸ್ಥಾನಕ್ಕೆ ಹೋದರೆ ಅಮ್ಮ ಇಲ್ಲ. ಜಾತ್ರೆ ಮುಗಿದ ಮೇಲೆ ದೇವಿಯ ಮರುಪ್ರತಿಷ್ಠೆ ಆಗುವುದು ಯುಗಾದಿಗೇ. ಶಿರಸಿಯಲ್ಲೇ ಹುಟ್ಟಿದ ಇವಳಿಗೆ ಇದು ಗೊತ್ತಿತ್ತಂತೆ, ಓಡಾಟದ ತಲೆಬಿಸಿಯಲ್ಲಿ ಲೆಕ್ಕಕ್ಕೆ ಬರಲಿಲ್ಲವಂತೆ. ಕಾರ್ಡನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು, ಯುಗಾದಿಯ ದಿನ ಇಡಲು ಹೇಳಿದ್ದೇವೆ. ಜಾತ್ರೆಯ ವರ್ಷ ಈ ಕೆಲಸಕ್ಕೆ ಹೊರಡುವವರು ಜಾತ್ರೆಯ ದಿನಗಳನ್ನಂತೂ ತಪ್ಪಿಸಿ, ಆಗ ಲಾಡ್ಜು, ಬಸ್ಸು ಎರಡೂ ಸಿಗುವುದಿಲ್ಲ. ಹರಕೆ ಇದ್ದವರು ಯುಗಾದಿ ಕಳೆದೇ ಹೋಗಿ.

ಖರ್ಚು ಕೇಳಿದ್ದನಲ್ಲ ಗೆಳೆಯ. ಕಾರ್ಡು ಒಂದಕ್ಕೆ 38 ರೂಪಾಯಿಯಂತೆ ಮುನ್ನೂರು, 11,400. ರೈಲಿನ ಎಸಿ ಟಿಕೆಟ್ಟು ಹೋಗುವಾಗ ಇಬ್ಬರಿಗೂ ಸೇರಿ ಎರಡು ಸಾವಿರದ ಮೇಲೆ. ಓಮ್ನಿ ಮತ್ತು ರಿಕ್ಷಾ ಸೇರಿ ಸುಮಾರು 12,000, ಇದೇ ದೊಡ್ಡದು. ಮನೆಮನೆಗೆ ಒಯ್ಯಲು ಹಣ್ಣು, ಮಕ್ಕಳಿಗೆ ಬಿಸ್ಕೀಟು ಅಂತ ಐದು ಸಾವಿರದಷ್ಟು ಆಯಿತು. ಬರಿಗೈಲಿ ಹೋಗುವಂತಿಲ್ಲ. ಹಣ್ಣನ್ನು ಬೆಂಗಳೂರಿನಿಂದ ಹೊರಬೇಡಿ, ಆಯಾ ಪೇಟೆಯಲ್ಲೇ ಕೊಳ್ಳಿ. ಬಸ್ಸಿಗೆ ನನ್ನೊಬ್ಬನದೇ, ನೂರರ ಲೆಕ್ಕ. ಉಳಿದುಕೊಳ್ಳಲು ಒಂದು ಪೈಸೆಯೂ ಇಲ್ಲ, ಕಾರವಾರದಲ್ಲಿ ಲಾಡ್ಜ್ ಮಾಡುತ್ತೇನೆಂದದ್ದಕ್ಕೆ ಸದಾಶಿವಗಡದವನು ಬೈದ. ಲೆಕ್ಕಕ್ಕೆ ಸಿಗದೇ ಇದ್ದದ್ದು ವಾಪಸು ಬರುವಾಗಿನ ಸಾಮಾನು. ಕಾರ್ಡು ಖಾಲಿಯಾದಂತೆ ಚೀಲ ಹಗುರಾಗಬೇಕಿತ್ತು. ಆದರೆ ಪ್ರತಿ ಮನೆಯವರೂ ಏನಾದರೂ ತುಂಬಿದರು: ಹಲಸಿನ ಹಪ್ಪಳ, ಜೋನಿ ಬೆಲ್ಲದ ಡಬ್ಬ, ಕಾಯಿ, ಆಗಷ್ಟೇ ಕೊಯ್ದ ಅಪ್ಪೆಮಿಡಿ. ಜೋನಿ ಬೆಲ್ಲದ ಮುಚ್ಚಳ ಸಡಿಲವಾಗಿ ನನ್ನ ಎರಡು ಅಂಗಿ ಹಾಳಾದವು. ಕೊನೆಗೆ ಶಿರಸಿಯಿಂದ ಎರಡು ಗೋಣಿಚೀಲ ಬಸ್ ಪಾರ್ಸೆಲ್ ಮಾಡಿಸಿದೆವು. ಪಾರ್ಸೆಲ್ ಮಾಡುವವರು ಮಿಡಿಯನ್ನು ಬೇರೆ ಚೀಲದಲ್ಲಿ, ಗಾಳಿಯಾಡುವಂತೆ ಕಟ್ಟಿ. ಸೊನೆ ತಾಗಿದರೆ ಹಪ್ಪಳವೂ ಹೋಗುತ್ತದೆ.

ವೈಶಾಖದ ನೂಕುನುಗ್ಗಲಿನಿಂದ ಒಂದೇ ದಿನಕ್ಕೆ ಎರಡು ಮೂರು ಮದುವೆ ಇರುವ ಮನೆಗಳು ಬಹಳ ಸಿಕ್ಕವು. ಗೋಡೆಯ ಮೊಳೆಗೆ ಸಿಕ್ಕಿಸಿದ ಕಾರ್ಡುಗಳ ಕಟ್ಟು ತೋರಿಸಿ, "ನಿಮ್ಮದಕ್ಕೆ ಒಬ್ಬರಾದರೂ ಬತ್ಯ" ಎನ್ನುತ್ತಿದ್ದರು. ಆಗ ಇವಳು ಕಾರ್ಡಿನ ಕೆಳಗಿನ ಸಾಲಿಗೆ ಬೆರಳಿಟ್ಟು, "ಮದ್ವೆಗೆ ಆಗದಿದ್ರೆ ಕುಮಟಾಕ್ಕೆ ಬನ್ನಿ, ವಧೂಪ್ರವೇಶಕ್ಕೆ" ಎನ್ನುವುದು ಶುರುವಾಯಿತು. ಇದರಿಂದ ಅಣ್ಣನ ಮನೆಯ ಊಟದ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟಿತೆಂದು ಅವನಿಗೆ ಇನ್ನೂ ಹೇಳಿಲ್ಲ. ಈ ವಾರ ಫೋನ್ ಮಾಡಬೇಕು.

ಸಿದ್ದಾಪುರ ಕಡೆಯ ಮನೆಗಳು ಹಾಗೇ ಉಳಿದಿವೆ. ನಮ್ಮಿಂದ ಆಗಲಿಲ್ಲ, ಅದನ್ನು ಮಗನಿಗೇ ವಹಿಸಿದ್ದೇವೆ. ಶನಿವಾರ ಕಾರಿನಲ್ಲಿ ಹೊರಡುತ್ತಾನೆ, ಭಾನುವಾರ ರಾತ್ರಿ ವಾಪಸಂತೆ. ಅಷ್ಟು ಮನೆ ಎರಡು ದಿನದಲ್ಲಿ ಆಗುವುದಿಲ್ಲ ಎಂದೆ, ಆಗುತ್ತದೆ ಎಂದ. ದಾರಿಯ ಹಾಳೆ ಬರೆದುಕೊಟ್ಟರೆ ಗೂಗಲ್ ಮ್ಯಾಪ್ ಇದೆ ಎಂದು ಟೀಪಾಯಿಯ ಮೇಲೇ ಬಿಟ್ಟಿದ್ದ. ಇವಳು ಅದನ್ನು ಮಡಚಿ, ಲ್ಯಾಂಡ್‌ಲೈನ್ ನಂಬರುಗಳ ಸಮೇತ, ಅವನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಾಕಿ ಬಂದಿದ್ದಾಳೆ.